ಇಬ್ಬರ ಮೇಜಿಗೆ ಏನು ತರಿಸಬೇಕು: ಪ್ಯಾನ್-ಏಷ್ಯನ್ ರೆಸ್ಟೋರೆಂಟಿನ ಮೆನುವಿಗೊಂದು ಹೋಲಿಕೆಯ ಮಾರ್ಗದರ್ಶಿ

ಮನೆಯ ಹತ್ತಿರದ ಪ್ಯಾನ್-ಏಷ್ಯನ್ ರೆಸ್ಟೋರೆಂಟಿಗೆ ಸ್ನೇಹಿತರೊಬ್ಬರ ಜೊತೆ ಊಟಕ್ಕೆ ಹೋದಾಗ ಎದುರಾಗುವ ಮೊದಲ ತೊಡಕು ಮೆನುವಿನ ಉದ್ದ. ಜಪಾನಿನ ಸುಶಿ, ಕೊರಿಯಾದ ಬಿಬಿಂಬಾಪ್ (ತರಕಾರಿ, ಮಾಂಸ ಮೇಲಿಟ್ಟು ಬೆರೆಸಿ ತಿನ್ನುವ ಅನ್ನದ ಬಟ್ಟಲು), ಚೀನಾದ ಡಿಮ್ ಸಮ್, ವಿಯೆಟ್ನಾಮಿನ ಫೋ, ಥಾಯ್ಲೆಂಡಿನ ಕರ್ರಿಗಳು, ಮಲೇಷ್ಯಾದ ಲಕ್ಸಾ, ಇಂಡೊನೇಷ್ಯಾದ ನಾಸಿ ಗೊರೆಂಗ್ (ಹುರಿದ ಅನ್ನ) ಎಲ್ಲವೂ ಒಂದೇ ಹೊತ್ತಿಗೆಯಲ್ಲಿ ಸೇರಿಕೊಂಡಿರುತ್ತವೆ. ಆದರೆ ಮೇಜಿನ ಮುಂದೆ ಕುಳಿತವರು ಇಬ್ಬರು, ಮತ್ತು ಇಬ್ಬರು ನೆಮ್ಮದಿಯಿಂದ ತಿಂದು ಮುಗಿಸಬಹುದಾದದ್ದು ಮೂರೋ ನಾಲ್ಕೋ ಬಗೆ. ಆರು ಮಂದಿಯ ಗುಂಪಿನಲ್ಲಿ ಒಂದೆರಡು ಆಯ್ಕೆ ತಪ್ಪಿದರೂ ಊಟ ಕೆಡುವುದಿಲ್ಲ. ಇಬ್ಬರ ಊಟದಲ್ಲಿ ಒಂದು ತಟ್ಟೆ ಸೋತರೆ ಊಟದ ದೊಡ್ಡ ಪಾಲೇ ಸೋತಂತೆ. ಹೀಗಾಗಿ ಇಲ್ಲಿ ಆಯ್ಕೆಗೆ ಸ್ವಲ್ಪ ಯೋಚನೆ ಅಗತ್ಯ.

ಈ ಬಗೆಯ ರೆಸ್ಟೋರೆಂಟಿನ ಸ್ವಭಾವವನ್ನೂ ಅರಿತಿರಬೇಕು. ಸಿಂಗಾಪುರದ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು; ಚಿಕ್ಕ ಚಿಕ್ಕ ತಿನಿಸಿನ ಅಂಗಡಿಗಳು ಒಂದೆಡೆ ಸೇರಿರುವ ಅಲ್ಲಿನ ಹಾಕರ್ ಕೇಂದ್ರಗಳಲ್ಲಿ ಒಂದೊಂದು ಅಂಗಡಿಯವರು ಸಾಮಾನ್ಯವಾಗಿ ಒಂದೆರಡು ತಿನಿಸುಗಳನ್ನಷ್ಟೇ ಮಾಡುತ್ತಾರೆ, ವರ್ಷಗಟ್ಟಲೆ ಅದನ್ನೇ ಮಾಡುತ್ತಾ ಕೈ ಪಳಗಿಸಿಕೊಳ್ಳುತ್ತಾರೆ. ಪ್ಯಾನ್-ಏಷ್ಯನ್ ಅಡುಗೆಮನೆಯ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೆಲವೇ ಬಾಣಸಿಗರು, ಕೆಲವೇ ಒಲೆಗಳ ಮೇಲೆ, ಆರೇಳು ದೇಶಗಳ ಅಡುಗೆಯನ್ನು ನಿಭಾಯಿಸಬೇಕು. ಎಲ್ಲವೂ ಒಂದೇ ಮಟ್ಟದಲ್ಲಿ ಚೆನ್ನಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಯಾವ ದೇಶದ ಅಡುಗೆ ರುಚಿ ಎಂದು ಕೇಳುವುದಕ್ಕಿಂತ, ಈ ಅಡುಗೆಮನೆಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಮತ್ತು ತರಿಸುವ ಮೂರ್ನಾಲ್ಕು ತಟ್ಟೆಗಳು ಇಬ್ಬರ ನಡುವೆ ಹೇಗೆ ಹೊಂದಿಕೊಳ್ಳುತ್ತವೆ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂಚಿಕೊಳ್ಳುವ ಊಟವೇ, ತಲೆಗೊಂದು ಬಟ್ಟಲೇ?

ಮೆನು ತೆರೆಯುವ ಮೊದಲೇ ಇಬ್ಬರೂ ಮಾತಾಡಿಕೊಂಡು ನಿರ್ಧರಿಸಬೇಕಾದ ವಿಷಯ ಇದು. ಏಷ್ಯಾದ ಅಡುಗೆಗಳಲ್ಲಿ ಕೆಲವು ಹಂಚಿಕೊಂಡು ತಿನ್ನಲೆಂದೇ ರೂಪುಗೊಂಡಿವೆ, ಇನ್ನು ಕೆಲವು ಒಬ್ಬರು ಒಂದು ಬಟ್ಟಲನ್ನು ತಮ್ಮ ಪಾಡಿಗೆ ಮುಗಿಸಲೆಂದು ರೂಪುಗೊಂಡಿವೆ. ಚೀನೀ ಮತ್ತು ಥಾಯ್ ಊಟಗಳಲ್ಲಿ ಅನ್ನ ಪ್ರತಿಯೊಬ್ಬರ ಮುಂದಿರುತ್ತದೆ, ಉಳಿದ ಬಗೆಗಳು ಮೇಜಿನ ನಡುವೆ ಇರುತ್ತವೆ, ಪ್ರತಿ ಬಗೆಯಿಂದ ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳುತ್ತಾರೆ. ಕೊರಿಯಾದ ಊಟದಲ್ಲಿಯೂ ಕಿಮ್ಚಿ ಮತ್ತು ಇತರ ಚಿಕ್ಕ ಚಿಕ್ಕ ಪಲ್ಯಗಳ ಬಟ್ಟಲುಗಳು ಎಲ್ಲರಿಗೂ ಸೇರಿದವು. ಇದಕ್ಕೆ ಎದುರಾಗಿ ರಾಮೆನ್, ಉಡೊನ್, ಫೋ, ಲಕ್ಸಾ ಇವೆಲ್ಲ ಸಾರಿನ ನೂಡಲ್ಸ್, ಒಬ್ಬರ ಊಟ. ಬಿಸಿ ಸಾರಿನಲ್ಲಿ ಮುಳುಗಿದ ನೂಡಲ್ಸನ್ನು ಇಬ್ಬರು ಹಂಚಿಕೊಳ್ಳಲು ಹೊರಟರೆ ಅರ್ಧ ಸಾರು ಮೇಜಿನ ಮೇಲೆ ಚೆಲ್ಲುತ್ತದೆ, ಉಳಿದರ್ಧ ತಣ್ಣಗಾಗುತ್ತದೆ, ಅಷ್ಟರಲ್ಲಿ ನೂಡಲ್ಸ್ ಸಾರು ಕುಡಿದು ಊದಿಕೊಳ್ಳುತ್ತದೆ.

ಬಹಳ ದಿನಗಳ ನಂತರ ಭೇಟಿಯಾದ ಸ್ನೇಹಿತರ ಜೊತೆ ಮಾತು ಮುಖ್ಯವಾಗಿದ್ದರೆ ಹಂಚಿಕೊಳ್ಳುವ ಊಟವೇ ಒಳ್ಳೆಯದು. ಕರ್ರಿ, ಹುರಿದ ತರಕಾರಿ, ಡಿಮ್ ಸಮ್ ಇವು ಮಾತಿನ ನಡುವೆ ನಿಧಾನವಾಗಿ ಖಾಲಿಯಾಗಬಲ್ಲವು. ಹತ್ತು ನಿಮಿಷ ಕೈ ನಿಂತರೂ ಹೆಚ್ಚೇನೂ ಕೆಡುವುದಿಲ್ಲ. ರಾಮೆನ್ ಹಾಗಲ್ಲ, ಅದು ಮೇಜಿಗೆ ಬಂದ ಕ್ಷಣದಿಂದಲೇ ತಿನ್ನುವವರ ಪೂರ್ತಿ ಗಮನ ಬೇಡುತ್ತದೆ. ಅರ್ಧ ಗಂಟೆಯಲ್ಲಿ ಊಟ ಮುಗಿಸಿ ಹೊರಡಬೇಕಿರುವ ದಿನ, ಅಥವಾ ಇಬ್ಬರ ರುಚಿಗಳು ತೀರಾ ಬೇರೆಯಾಗಿರುವಾಗ, ತಲೆಗೊಂದು ಬಟ್ಟಲು ತರಿಸಿ ನಡುವೆ ಹಂಚಿಕೊಳ್ಳಲು ಒಂದು ಸ್ಟಾರ್ಟರ್ ಮಾತ್ರ ಹೇಳುವುದು ಜಾಣತನ. ಎರಡು ದಾರಿಗಳನ್ನೂ ಬೆರೆಸಿ ಇಬ್ಬರಿಗೂ ಒಂದೊಂದು ದೊಡ್ಡ ಬಟ್ಟಲು, ಮೇಲೆ ಎರಡು ಸ್ಟಾರ್ಟರ್, ಒಂದು ಫ್ರೈಡ್ ರೈಸ್ ಎಂದು ಹೇಳುವವರೇ ಕೊನೆಗೆ ಅರ್ಧಕ್ಕರ್ಧ ಬಿಟ್ಟು ಏಳುತ್ತಾರೆ.

ಬಟ್ಟಲುಗಳ ನಡುವಿನ ವ್ಯತ್ಯಾಸ

ಬಟ್ಟಲನ್ನೇ ಆರಿಸಿಕೊಂಡರೆ ಮುಂದಿನ ಪ್ರಶ್ನೆ ಯಾವ ಬಟ್ಟಲು ಎಂಬುದು. ಚಿತ್ರದಲ್ಲಿ ಒಂದೇ ಥರ ಕಾಣುವ ಈ ತಿನಿಸುಗಳು ನಾಲಿಗೆಯ ಮೇಲೆ ಬಹಳ ದೂರ ದೂರದವು, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

ರಾಮೆನ್ ಗೋಧಿಯ ನೂಡಲ್ಸ್. ಹಿಟ್ಟು ಕಲಸುವಾಗ ಕಾನ್ಸುಯಿ ಎಂಬ ಕ್ಷಾರೀಯ ನೀರನ್ನು ಸೇರಿಸುವುದರಿಂದ ಅದಕ್ಕೆ ಹಳದಿ ಛಾಯೆಯೂ ಜಗಿದಾಗ ಪುಟಿಯುವ ಗುಣವೂ ಬರುತ್ತವೆ. ಅದರ ಬಗೆಗಳನ್ನು ಸಾರಿನಿಂದ ಗುರುತಿಸುವುದು ಸುಲಭ: ಹಂದಿಯ ಎಲುಬನ್ನು ಗಂಟೆಗಟ್ಟಲೆ ಕುದಿಸಿ ಹಾಲಿನಂತೆ ಬೆಳ್ಳಗಾಗಿಸಿದ್ದು ತೊಂಕೊತ್ಸು, ಸೋಯಾ ಸಾಸ್ ಬೆರೆಸಿದ್ದು ಶೋಯು, ಹುದುಗಿಸಿದ ಸೋಯಾ ಮುದ್ದೆ ಬೆರೆಸಿದ್ದು ಮಿಸೊ, ಬರೀ ಉಪ್ಪಿನದು ಶಿಯೊ. ತೊಂಕೊತ್ಸು ಬಹಳ ಗಟ್ಟಿ ಮತ್ತು ಜಿಡ್ಡಿನದು; ಅದರ ಜೊತೆ ಕರಿದ ಸ್ಟಾರ್ಟರ್ ತರಿಸಿದರೆ ಊಟ ಭಾರವಾಗುತ್ತದೆ. ಇದಲ್ಲದೆ ಒಳ್ಳೆಯ ಎಲುಬಿನ ಸಾರಿಗೆ ಹಿಡಿಯುವ ಸಮಯವನ್ನು ಎಲ್ಲ ಬಗೆ ಮಾಡುವ ಅಡುಗೆಮನೆ ಕೊಡುವುದು ಕಷ್ಟ. ಸಾರನ್ನು ಇಲ್ಲೇ ಕುದಿಸುತ್ತೀರಾ ಎಂದು ವಿನಯದಿಂದ ವಿಚಾರಿಸುವುದರಲ್ಲಿ ತಪ್ಪಿಲ್ಲ. ಹೌದು ಎಂಬ ಉತ್ತರ ಹೆಮ್ಮೆಯಿಂದ ಬಂದರೆ ಧೈರ್ಯವಾಗಿ ತರಿಸಬಹುದು.

ಫೋ ಉತ್ತರ ವಿಯೆಟ್ನಾಮಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ರೂಪುಗೊಂಡ ತಿನಿಸು. ಅದರ ನೂಡಲ್ಸ್ ಅಕ್ಕಿಯದು, ಸಾರು ತಿಳಿಯಾದದ್ದು. ದನದ ಎಲುಬಿನ ಜೊತೆಗೆ ಚಕ್ರಮೊಗ್ಗು, ಚಕ್ಕೆ, ಬೆಂಕಿಯಲ್ಲಿ ಸುಟ್ಟ ಈರುಳ್ಳಿ ಮತ್ತು ಶುಂಠಿ ಅದರಲ್ಲಿ ಕುದಿದಿರುತ್ತವೆ. ಕೋಳಿಯ ಸಾರಿನ ಫೋ ಕೂಡ ಉಂಟು. ತುಳಸಿ ಜಾತಿಯ ಎಲೆ, ಮೊಳಕೆ, ನಿಂಬೆ, ಹಸಿಮೆಣಸಿನಕಾಯಿಗಳನ್ನು ಬೇರೆ ತಟ್ಟೆಯಲ್ಲಿ ಕೊಡುತ್ತಾರೆ, ತಿನ್ನುವವರು ತಮಗೆ ಬೇಕಾದಷ್ಟು ಸೇರಿಸಿಕೊಳ್ಳುತ್ತಾರೆ. ಈ ಎಲೆಗಳ ತಟ್ಟೆ ಬಾಡಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಫೋ ತನ್ನ ಅರ್ಧ ಗುಣವನ್ನು ಕಳೆದುಕೊಂಡಂತೆ. ಹೊಟ್ಟೆಗೆ ಹಗುರ ಬೇಕೆನ್ನುವವರಿಗೆ ರಾಮೆನ್‌ಗಿಂತ ಇದು ಉತ್ತಮ ಆಯ್ಕೆ.

ಲಕ್ಸಾದಲ್ಲಿ ಎರಡು ಮುಖ್ಯ ಬಗೆಗಳಿವೆ, ಮತ್ತು ಮೆನುವಿನಲ್ಲಿ ಯಾವುದೆಂದು ಬರೆಯದಿದ್ದರೆ ಕೇಳಿಯೇ ತಿಳಿಯಬೇಕು. ಕರ್ರಿ ಲಕ್ಸಾ ತೆಂಗಿನಹಾಲಿನದು, ಖಾರವೂ ಜಿಡ್ಡೂ ಕೂಡಿದ್ದು. ಮಲೇಷ್ಯಾದ ಪೆನಾಂಗ್‌ನ ಆಸಾಮ್ ಲಕ್ಸಾದಲ್ಲಿ ತೆಂಗಿನಹಾಲು ಇರುವುದಿಲ್ಲ, ಹುಣಸೆ ಮತ್ತು ಮೀನಿನ ಹುಳಿ ಸಾರು ಇರುತ್ತದೆ. ಒಂದನ್ನು ಮನಸ್ಸಿನಲ್ಲಿಟ್ಟುಕೊಂಡವರ ಮುಂದೆ ಇನ್ನೊಂದು ಬಂದರೆ ಗೊಂದಲವಾಗುವುದು ಸಹಜ. ಪ್ಯಾನ್-ಏಷ್ಯನ್ ಅಡುಗೆಮನೆಗಳಲ್ಲಿ ಕರ್ರಿ ಲಕ್ಸಾ ಸಾಮಾನ್ಯವಾಗಿ ನಿರಾಸೆಗೊಳಿಸುವುದಿಲ್ಲ, ಏಕೆಂದರೆ ಅದರ ಬಲ ಇರುವುದು ಮಸಾಲೆಯ ಮುದ್ದೆಯಲ್ಲಿ ಮತ್ತು ತೆಂಗಿನಹಾಲಿನಲ್ಲಿ. ಇಡೀ ದಿನ ಕುದಿಸಿದ ಸಾರನ್ನು ಅದು ನೆಚ್ಚಿಕೊಂಡಿಲ್ಲ.

ಥಾಯ್ ತೊಮ್ ಯಮ್ ಅನ್ನು ಇವುಗಳ ಸಾಲಿನಲ್ಲಿ ಊಟವಾಗಿ ಇಡಲಾಗದು. ನಿಂಬೆಹುಲ್ಲು, ಶುಂಠಿ ಜಾತಿಯ ಗೆಡ್ಡೆಯಾದ ಗಲಂಗಲ್, ಮಕ್ರುತ್ ನಿಂಬೆಯ ಎಲೆ, ಮೆಣಸಿನಕಾಯಿ ಇವುಗಳಿಂದಾದ ಈ ಹುಳಿಖಾರದ ಸೂಪನ್ನು ಒಂದೇ ಬಟ್ಟಲು ತರಿಸಿ ಇಬ್ಬರೂ ಚಿಕ್ಕ ಚಿಕ್ಕ ಬಟ್ಟಲಿಗೆ ಬಡಿಸಿಕೊಂಡರೆ ಮುಂದಿನ ಅನ್ನ ಮತ್ತು ಕರ್ರಿಗೆ ನಾಲಿಗೆ ಚುರುಕಾಗುತ್ತದೆ. ಅದರಲ್ಲಿ ತೇಲುವ ಕಡ್ಡಿ, ಎಲೆ, ಗೆಡ್ಡೆಯ ಬಿಲ್ಲೆಗಳು ಪರಿಮಳಕ್ಕಾಗಿ ಹಾಕಿದವು, ಅಗಿದು ತಿನ್ನುವುದಕ್ಕಲ್ಲ.

ಹಸಿರು, ಕೆಂಪು, ಮಸ್ಸಮನ್

ಇಬ್ಬರು ಹಂಚಿಕೊಳ್ಳಲು ಒಂದೇ ಮುಖ್ಯ ಬಗೆ ಆರಿಸಬೇಕೆಂದರೆ ನಾನು ಥಾಯ್ ಕರ್ರಿಯನ್ನೇ ಸೂಚಿಸುತ್ತೇನೆ. ಅದು ಅನ್ನದೊಡನೆ ಹೊಂದುತ್ತದೆ, ಬಿಸಿ ಉಳಿಸಿಕೊಳ್ಳುತ್ತದೆ, ಇಬ್ಬರಿಗೆ ಒಂದು ಬಟ್ಟಲು ಸಾಕಾಗುತ್ತದೆ. ಹಸಿರು ಕರ್ರಿಯ ಬಣ್ಣ ಹಸಿಮೆಣಸಿನಕಾಯಿಯಿಂದ ಬಂದದ್ದು. ನೋಡಲು ತಂಪಾಗಿ ಕಂಡರೂ ಅನೇಕ ವೇಳೆ ಕೆಂಪಿಗಿಂತ ಇದೇ ಖಾರವಾಗಿರುತ್ತದೆ. ಕೆಂಪು ಕರ್ರಿಗೆ ಒಣಮೆಣಸಿನಕಾಯಿ ಬೀಳುತ್ತದೆ. ಪನಂಗ್ ಇನ್ನೂ ಗಟ್ಟಿಯಾದದ್ದು, ಸಿಹಿ ಸ್ವಲ್ಪ ಮುಂದಿರುತ್ತದೆ. ಮಸ್ಸಮನ್ ಇವೆಲ್ಲಕ್ಕಿಂತ ಬೇರೆ. ಏಲಕ್ಕಿ, ಚಕ್ಕೆ ಮುಂತಾದ ಒಣ ಮಸಾಲೆಗಳು, ಆಲೂಗಡ್ಡೆ, ಕಡಲೆಕಾಯಿ, ಹುಣಸೆಯ ಹುಳಿ ಸೇರಿದ ಇದು ನಿಧಾನವಾಗಿ ಬೇಯುವ ಅಡುಗೆ, ಖಾರವೂ ಸೌಮ್ಯ. ಇಬ್ಬರಲ್ಲಿ ಒಬ್ಬರಿಗೆ ಖಾರ ಆಗದಿದ್ದರೆ ಮಸ್ಸಮನ್ ತರಿಸಿ, ಇನ್ನೊಬ್ಬರಿಗೆ ಮೆಣಸಿನಕಾಯಿ ಹಾಕಿದ ಫಿಶ್ ಸಾಸನ್ನು ಪಕ್ಕದಲ್ಲಿ ಕೇಳಬಹುದು. ಖಾರ ಸೇರಿಸುವುದು ಸುಲಭ, ತೆಗೆಯುವ ಉಪಾಯವಿಲ್ಲ.

ಅನ್ನದ ಆಯ್ಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಥಾಯ್ ಕರ್ರಿಗೆ ಉದ್ದ ಕಾಳಿನ, ಪರಿಮಳದ ಜಾಸ್ಮಿನ್ ಅಕ್ಕಿಯ ಬಿಳಿ ಅನ್ನವೇ ತಕ್ಕದ್ದು. ಸೋಯಾ ಸಾಸ್, ಮೊಟ್ಟೆ, ಎಣ್ಣೆಗಳಿಂದ ಈಗಾಗಲೇ ರುಚಿ ತುಂಬಿಕೊಂಡ ಫ್ರೈಡ್ ರೈಸ್ ಮೇಲೆ ಕರ್ರಿ ಸುರಿದುಕೊಂಡರೆ ಎರಡರ ಸ್ವಾದವೂ ಮಸುಕಾಗುತ್ತದೆ.

ಸ್ಟಾರ್ಟರ್: ಹಬೆಯದು, ತಣ್ಣಗಿನದು, ಕರಿದದ್ದು

ಸ್ಟಾರ್ಟರ್ ಪಟ್ಟಿಯನ್ನು ದೇಶಗಳ ಪ್ರಕಾರ ಓದುವ ಬದಲು ಬೇಯಿಸುವ ವಿಧಾನದ ಪ್ರಕಾರ ಓದಿದರೆ ಆಯ್ಕೆ ಬೇಗ ಮುಗಿಯುತ್ತದೆ. ಮುಖ್ಯ ಊಟ ಜಿಡ್ಡಿನದಾದರೆ ಹಬೆಯದು ಅಥವಾ ತಣ್ಣಗಿನದು, ಮುಖ್ಯ ಊಟ ತಿಳಿಸಾರಿನದಾದರೆ ಕರಿದದ್ದೂ ಆಗಬಹುದು.

ಹಬೆಯಲ್ಲಿ ಬೇಯುವ ಡಿಮ್ ಸಮ್ ದಕ್ಷಿಣ ಚೀನಾದ ಕ್ಯಾಂಟನೀಸ್ ಜನರು ಚಹಾದ ಜೊತೆ ತಿನ್ನುವ ತಿಂಡಿಗಳ ಪರಂಪರೆ. ಬಿದಿರಿನ ಬುಟ್ಟಿಯಲ್ಲಿ ಮೂರು ಅಥವಾ ನಾಲ್ಕು ತುಂಡುಗಳು ಬರುವುದು ವಾಡಿಕೆ. ನಾಲ್ಕಿದ್ದರೆ ಇಬ್ಬರಿಗೆ ಸರಿಯಾಗಿ ಭಾಗವಾಗುತ್ತದೆ, ಮೂರಿದ್ದರೆ ಕೊನೆಯ ತುಂಡು ಇಬ್ಬರ ಸಂಕೋಚದಲ್ಲಿ ತಣ್ಣಗಾಗುತ್ತದೆ. ಎಷ್ಟು ಬರುತ್ತದೆಂದು ಮೊದಲೇ ಕೇಳಿಕೊಳ್ಳುವುದು ಚಿಕ್ಕ ವಿಷಯವೆನಿಸಿದರೂ ಉಪಯುಕ್ತ. ಸೀಗಡಿ ತುಂಬಿದ ಹರ್ ಗೌ ಈ ಅಡುಗೆಮನೆಯ ಕೈಚಳಕವನ್ನು ಪರೀಕ್ಷಿಸುವ ಒಳ್ಳೆಯ ತಿನಿಸು. ಗೋಧಿಯ ಪಿಷ್ಟದಿಂದ ಮಾಡಿದ ಅದರ ಹೊದಿಕೆ ಒಳಗಿನ ಬಣ್ಣ ಕಾಣುವಷ್ಟು ತೆಳುವಾಗಿರಬೇಕು, ಎತ್ತಿದಾಗ ಹರಿಯಬಾರದು, ಹಲ್ಲಿಗೆ ಅಂಟಬಾರದು. ಮೊದಲು ಇದೊಂದನ್ನು ತರಿಸಿ ನೋಡಿ, ಚೆನ್ನಾಗಿದ್ದರೆ ಇನ್ನೆರಡು ಬುಟ್ಟಿ ಹೇಳಿದರೆ ಸಾಕು, ಅದೇ ಒಂದು ಊಟವಾಗುತ್ತದೆ.

ಸುಶಿಯ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಕಟ್ಟುನಿಟ್ಟಿನದು. ಸುಶಿಯ ಜೀವ ಇರುವುದು ವಿನೆಗರ್ ಬೆರೆಸಿದ ಅನ್ನದಲ್ಲಿ, ಮತ್ತು ಆ ಅನ್ನ ಮೈಬಿಸಿಯಷ್ಟು ಬೆಚ್ಚಗಿರಬೇಕು. ಫ್ರಿಜ್ಜಿನಿಂದ ಬಂದ ಗಟ್ಟಿ ಅನ್ನದ ಸುಶಿಯನ್ನು ಮೀನು ಎಷ್ಟೇ ಒಳ್ಳೆಯದಿದ್ದರೂ ಉಳಿಸಲಾಗದು. ಪ್ರತ್ಯೇಕ ಸುಶಿ ಕೌಂಟರ್ ಇದ್ದು, ಅಲ್ಲಿ ಒಬ್ಬರು ಅದೇ ಕೆಲಸಕ್ಕೆ ನಿಂತಿರುವುದು ಕಣ್ಣಿಗೆ ಬಿದ್ದರೆ ನಿಗಿರಿ (ಅನ್ನದ ಉಂಡೆಯ ಮೇಲೆ ಮೀನಿನ ತುಂಡಿಟ್ಟ ಸುಶಿ) ಹೇಳಬಹುದು. ಕೌಂಟರ್ ಇಲ್ಲದ ಕಡೆ ಸೌತೆಕಾಯಿ, ಆವಕಾಡೊ ಅಥವಾ ಬೇಯಿಸಿದ ಸೀಗಡಿಯನ್ನು ಅನ್ನದೊಡನೆ ಸುತ್ತಿದ ಮಾಕಿ ರೋಲ್‌ಗಳಿಗೆ ನಿಲ್ಲುವುದೇ ಕ್ಷೇಮ. ಹಸಿ ಮೀನು ವೇಗವಾಗಿ ಖರ್ಚಾಗುವ ಜಾಗದಲ್ಲಿ ಮಾತ್ರ ತಿನ್ನಬೇಕಾದ ಪದಾರ್ಥ. ಪಕ್ಕದಲ್ಲಿ ಬರುವ ಹಸಿರು ಮುದ್ದೆ ಬಹುತೇಕ ಕಡೆ ನಿಜವಾದ ವಸಾಬಿ ಅಲ್ಲ, ಹಾರ್ಸ್‌ರ‍್ಯಾಡಿಶ್ ಗೆಡ್ಡೆಗೆ ಬಣ್ಣ ಬೆರೆಸಿದ್ದು. ಅದರ ಘಾಟು ಮೂಗಿಗೇರುವುದರಿಂದ ಅಕ್ಕಿಕಾಳಿನಷ್ಟು ಸಾಕು.

ವಿಯೆಟ್ನಾಮಿನ ಅಕ್ಕಿಹಾಳೆಯ ಹಸಿ ರೋಲ್‌ಗಳು ಇವೆರಡರ ನಡುವಿನ ಸುಖವಾದ ಆಯ್ಕೆ. ಎಣ್ಣೆಯಿಲ್ಲ, ಎಲೆಗಳ ಪರಿಮಳವಿದೆ, ಖಾರದ ಕರ್ರಿಯ ಮುಂಚೆ ಚೆನ್ನಾಗಿ ಹೊಂದುತ್ತವೆ. ಕರಿದ ಸ್ಪ್ರಿಂಗ್ ರೋಲ್ ಮತ್ತು ಹಿಟ್ಟಿನಲ್ಲಿ ಅದ್ದಿ ಕರಿದ ಜಪಾನಿನ ತೆಂಪುರಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಂದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತವೆ.

ಬಾಣಲೆಯ ತಿನಿಸುಗಳು

ಫ್ರೈಡ್ ರೈಸ್, ಹಕ್ಕಾ ನೂಡಲ್ಸ್, ನಾಸಿ ಗೊರೆಂಗ್, ಪಾಡ್ ಥಾಯ್ ಇವೆಲ್ಲ ವೋಕ್ ಬಾಣಲೆಯ ಮಕ್ಕಳು, ಮತ್ತು ಇವುಗಳ ರುಚಿ ಬಹುಪಾಲು ಬೆಂಕಿಯ ಜೋರಿನ ಮೇಲೆ ನಿಂತಿದೆ. ಬಾಣಲೆ ಕೆಂಡದಂತೆ ಕಾಯ್ದು, ಪದಾರ್ಥ ಕಡಿಮೆಯಿದ್ದು, ಕೈ ನಿಲ್ಲದೆ ಆಡುತ್ತಿದ್ದರೆ ಅನ್ನದಲ್ಲಿ ನಸುವಾದ ಹೊಗೆಯ ಪರಿಮಳ ಮೂಡುತ್ತದೆ. ನಾಲ್ಕು ಮೇಜುಗಳ ಆರ್ಡರನ್ನು ಒಟ್ಟಿಗೆ ಒಂದೇ ಬಾಣಲೆಗೆ ಸುರಿದರೆ ಶಾಖ ಇಳಿದು, ಹುರಿಯಬೇಕಾದದ್ದು ಬೇಯತೊಡಗುತ್ತದೆ. ಪಾಡ್ ಥಾಯ್‌ಗೆ ಈ ದೋಷ ಹೆಚ್ಚು ತಟ್ಟುತ್ತದೆ. ಥಾಯ್ ಪ್ರಧಾನಿ ಫಿಬುನ್ ಸೊಂಗ್‌ಕ್ರಾಮ್ ಅವರ ಸರ್ಕಾರ ರಾಷ್ಟ್ರೀಯ ತಿನಿಸಾಗಿ ಪ್ರಚಾರಕ್ಕೆ ತಂದ ಇದು, ಬೀದಿಬದಿಯಲ್ಲಿ ಒಂದೊಂದೇ ತಟ್ಟೆಯಾಗಿ ತಯಾರಾಗುತ್ತಾ ಹೆಸರಾದದ್ದು. ಅಕ್ಕಿಯ ನೂಡಲ್ಸ್ ಶಾಖ ತಗ್ಗಿದರೆ ಮುದ್ದೆಗಟ್ಟುತ್ತದೆ. ರೆಸ್ಟೋರೆಂಟ್ ತುಂಬಿ ತುಳುಕುವ ಹೊತ್ತಿನಲ್ಲಿ ಪಾಡ್ ಥಾಯ್ ಬಿಟ್ಟು ಕರ್ರಿಯ ಕಡೆ ಹೋಗುವುದು, ಜನ ಕಡಿಮೆಯಿರುವ ಹೊತ್ತಿನಲ್ಲಿ ಬಾಣಲೆಯ ತಿನಿಸನ್ನು ಆರಿಸುವುದು ಒಳ್ಳೆಯದು. ತಟ್ಟೆಯ ತಳದಲ್ಲಿ ಎಣ್ಣೆಯೋ ಸಿಹಿ ಕೆಂಪು ಸಾಸೋ ನಿಂತಿದ್ದರೆ ಮುಂದಿನ ಸಲ ಬೇರೆಯದನ್ನು ನೋಡಬಹುದು.

ಒಬ್ಬರು ಸಸ್ಯಾಹಾರಿಯಾಗಿದ್ದರೆ, ಅಥವಾ ಅಲರ್ಜಿ ಇದ್ದರೆ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಬೇಕು, ಏಕೆಂದರೆ ಇಲ್ಲಿ ರುಚಿಗಿಂತ ದೊಡ್ಡ ವಿಷಯವಿದೆ. ತರಕಾರಿ ಎಂದು ಬರೆದಿರುವ ಅನೇಕ ತಿನಿಸುಗಳಲ್ಲಿ ಕಣ್ಣಿಗೆ ಕಾಣದ ಮಾಂಸಾಹಾರ ಇರಬಹುದು. ಥಾಯ್ ಕರ್ರಿಯ ಮುದ್ದೆಗೆ ಸಾಮಾನ್ಯವಾಗಿ ಸೀಗಡಿಯ ಪೇಸ್ಟ್ ಬೀಳುತ್ತದೆ, ಉಪ್ಪಿನ ಜಾಗದಲ್ಲಿ ಫಿಶ್ ಸಾಸ್ ಇರುತ್ತದೆ. ಜಪಾನಿನ ಮಿಸೊ ಸೂಪಿನ ತಳದಲ್ಲಿರುವ ದಾಶಿ ಸಾರನ್ನು ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದಿರುತ್ತಾರೆ. ಕಿಮ್ಚಿಯನ್ನು ಹುದುಗಿಸುವಾಗ ಉಪ್ಪಿಟ್ಟ ಸೀಗಡಿ ಅಥವಾ ಫಿಶ್ ಸಾಸ್ ಸೇರುವುದು ರೂಢಿ. ಚೀನೀ ಹುರಿದ ತರಕಾರಿಗೆ ಆಯ್ಸ್ಟರ್ ಸಾಸ್ ಬೀಳಬಹುದು. ಚೀನಾದ ಸಿಚುವಾನ್ ಪ್ರಾಂತ್ಯದ ಮಾಪೊ ತೋಫು ಹೆಸರಿನಲ್ಲಿ ತೋಫು ಇದ್ದರೂ ಮೂಲ ರೀತಿಯಲ್ಲಿ ಕೊಚ್ಚಿದ ಮಾಂಸ ಇರುವ ಅಡುಗೆಯೇ. ಆದುದರಿಂದ ಇದು ವೆಜ್ ಹೌದೇ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸಾಲದು. ಫಿಶ್ ಸಾಸ್, ಸೀಗಡಿ ಪೇಸ್ಟ್, ಆಯ್ಸ್ಟರ್ ಸಾಸ್, ಮೀನಿನ ಸಾರು ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಕರ್ರಿಯ ಮುದ್ದೆಯನ್ನು ಮೊದಲೇ ಅರೆದಿಟ್ಟಿರುವುದರಿಂದ ಅದರಿಂದ ಸೀಗಡಿಯನ್ನು ತೆಗೆಯಲು ಬರುವುದಿಲ್ಲ, ಆದರೆ ಬಾಣಲೆಯ ತಿನಿಸಿಗೆ ಸಾಸುಗಳು ಹುರಿಯುವ ಹೊತ್ತಿನಲ್ಲೇ ಬೀಳುವುದರಿಂದ ಬದಲಾಯಿಸಿಕೊಡುವುದು ಸುಲಭ. ಸಸ್ಯಾಹಾರಿ ಸ್ನೇಹಿತರಿಗೆ ಬಾಣಲೆಯ ಕಡೆಯಿಂದ ಆರಿಸುವುದು ಈ ಕಾರಣಕ್ಕೆ ಹೆಚ್ಚು ಭದ್ರ.

ಕಡಲೆಕಾಯಿಯ ಅಲರ್ಜಿ ಇರುವವರು ಸಾತೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ), ಪಾಡ್ ಥಾಯ್, ಮಸ್ಸಮನ್, ಹಸಿ ರೋಲ್‌ಗಳ ಪಕ್ಕದ ಸಾಸ್ ಇಷ್ಟನ್ನೂ ಅನುಮಾನದಿಂದ ನೋಡಬೇಕು. ಗೋಧಿ ಆಗದವರು ಅಕ್ಕಿ ನೂಡಲ್ಸ್ ತರಿಸಿ ಸಮಾಧಾನ ಪಡುವಂತಿಲ್ಲ, ಏಕೆಂದರೆ ಸಾಮಾನ್ಯ ಸೋಯಾ ಸಾಸ್ ತಯಾರಾಗುವುದು ಸೋಯಾ ಮತ್ತು ಗೋಧಿ ಎರಡರಿಂದಲೂ. ಒಂದೇ ಬಾಣಲೆ, ಒಂದೇ ಕರಿಯುವ ಎಣ್ಣೆ ಎಲ್ಲದಕ್ಕೂ ಬಳಕೆಯಾಗುವ ಅಡುಗೆಮನೆಯಲ್ಲಿ ತೀವ್ರ ಅಲರ್ಜಿ ಇರುವವರು ಮುಂಚೆಯೇ ಫೋನ್ ಮಾಡಿ ವಿಚಾರಿಸಬೇಕು, ಉತ್ತರ ಅಸ್ಪಷ್ಟವಾಗಿದ್ದರೆ ಬೇರೆ ಜಾಗ ನೋಡಬೇಕು.

ಖಾರದ ಲೆಕ್ಕ

ಮೆನುವಿನಲ್ಲಿ ಬಿಡಿಸಿರುವ ಮೆಣಸಿನಕಾಯಿಯ ಚಿತ್ರಗಳು ಎಲ್ಲ ಖಾರವನ್ನೂ ಒಂದೇ ಎಂದು ತೋರಿಸುತ್ತವೆ. ಸಿಚುವಾನ್ ಅಡುಗೆಯಲ್ಲಿ ಮೆಣಸಿನಕಾಯಿಯ ಉರಿಯ ಜೊತೆಗೆ ನಿಂಬೆಯ ಕುಟುಂಬಕ್ಕೆ ಸೇರಿದ ಸಿಚುವಾನ್ ಮೆಣಸು ತುಟಿ ನಾಲಿಗೆಗಳನ್ನು ಜುಮ್ಮೆನ್ನಿಸಿ ಮರಗಟ್ಟಿಸುತ್ತದೆ. ಇದರ ಅಭ್ಯಾಸವಿಲ್ಲದವರಿಗೆ ಮೊದಲೇ ಹೇಳಿಡುವುದು ಸೌಜನ್ಯ. ಕೊರಿಯಾದ ಮೆಣಸಿನಕಾಯಿ ಮುದ್ದೆಯಾದ ಗೊಚುಜಾಂಗ್‌ನ ಖಾರದ ಹಿಂದೆ ಹುದುಗಿದ ಸಿಹಿ ಇದೆ, ಬಿಬಿಂಬಾಪ್‌ಗೆ ಅದನ್ನು ಪಕ್ಕದಲ್ಲಿ ತರಿಸಿ ಬೇಕಾದಷ್ಟೇ ಬೆರೆಸಿಕೊಳ್ಳಬಹುದು. ಬಾಯಿ ಉರಿದಾಗ ನೀರು ಕುಡಿದರೆ ಪ್ರಯೋಜನ ಕಡಿಮೆ, ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬರೀ ಅನ್ನ, ಹಾಲು ಬೆರೆಸಿದ ಥಾಯ್ ಚಹಾ ಉತ್ತಮ.

ಮೂರ್ನಾಲ್ಕು ತಟ್ಟೆಗಳನ್ನು ಜೋಡಿಸುವುದು

1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯಲ್ಲಿ ಗ್ಲುಟಮೇಟ್ ಎಂಬ ಅಂಶ ಕೊಡುವ ಗಾಢ ರುಚಿಯನ್ನು ಗುರುತಿಸಿದರು. ಸೋಯಾ ಸಾಸ್, ಮಿಸೊ, ಫಿಶ್ ಸಾಸ್, ಆಯ್ಸ್ಟರ್ ಸಾಸ್ ಎಲ್ಲದರಲ್ಲಿಯೂ ತುಂಬಿರುವುದು ಅದೇ. ಈ ಸಾಸುಗಳಲ್ಲೇ ಮುಳುಗಿದ ಮೂರು ಬಗೆ ತರಿಸಿದರೆ, ದೇಶ ಮೂರಾದರೂ ರುಚಿ ಒಂದೇ ಆಗಿ ನಾಲಿಗೆ ದಣಿಯುತ್ತದೆ. ಹೀಗಾಗಿ ಒಂದು ಹುಳಿಯದು, ಒಂದು ಜಿಡ್ಡಿನದು, ಒಂದು ಬರೀ ತರಕಾರಿಯದು ಎಂಬಂತೆ ಬೇರೆ ಬೇರೆ ದಿಕ್ಕಿನಿಂದ ಆರಿಸಬೇಕು. ಹಸಿ ರೋಲ್, ಹಸಿರು ಕರ್ರಿ, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಬಿಳಿ ಅನ್ನ ಇದು ಇಬ್ಬರಿಗೆ ನಾನು ಕಂಡ ಅತ್ಯಂತ ಹೊಂದಿಕೆಯ ಜೋಡಣೆ. ಚಳಿಯ ಸಂಜೆಗೆ ಎರಡು ಬುಟ್ಟಿ ಡಿಮ್ ಸಮ್ ಮತ್ತು ತಲೆಗೊಂದು ಫೋ ಸೊಗಸು. ಮಾಂಸ ತಿನ್ನುವವರು ಮತ್ತು ತಿನ್ನದವರು ಒಟ್ಟಿಗಿದ್ದರೆ ಬೇರೆ ಬೇರೆ ಬಿಬಿಂಬಾಪ್ ತರಿಸುವುದು ಸರಾಗ, ಒಂದಕ್ಕೆ ಮಾಂಸ, ಇನ್ನೊಂದಕ್ಕೆ ತೋಫು. ಸುಶಿಯನ್ನೂ ಲಕ್ಸಾವನ್ನೂ ಒಟ್ಟಿಗೆ ತರಿಸುವುದನ್ನು ಮಾತ್ರ ನಾನು ಬಲವಾಗಿ ಬೇಡವೆನ್ನುತ್ತೇನೆ, ಮಸಾಲೆಯ ಮುಂದೆ ಮೀನಿನ ನವಿರು ಉಳಿಯುವುದಿಲ್ಲ.

ಎಲ್ಲವನ್ನೂ ಒಂದೇ ಸಲ ಹೇಳದೆ, ಮೊದಲು ಸ್ಟಾರ್ಟರ್ ಮತ್ತು ಒಂದು ಮುಖ್ಯ ಬಗೆ ಹೇಳಿ, ಅರ್ಧ ಊಟವಾದ ಮೇಲೆ ಹಸಿವು ನೋಡಿಕೊಂಡು ಮುಂದಿನದನ್ನು ಹೇಳಬೇಕು. ಆದರೂ ಉಳಿದರೆ, ಕರ್ರಿಯನ್ನು ಕಟ್ಟಿಸಿಕೊಳ್ಳಬಹುದು, ಮಸ್ಸಮನ್ ಮರುದಿನ ಇನ್ನೂ ರುಚಿಯಾಗಿರುತ್ತದೆ. ಸಾರಿನ ನೂಡಲ್ಸ್ ಮತ್ತು ತೆಂಪುರಾವನ್ನು ಕಟ್ಟಿಸಿ ಪ್ರಯೋಜನವಿಲ್ಲ, ಹಸಿ ಮೀನಿನ ಸುಶಿಯನ್ನು ಅಲ್ಲೇ ಮುಗಿಸಬೇಕು. ಬೇಯಿಸಿದ ಅನ್ನ ಹೊರಗಿದ್ದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇರುವುದರಿಂದ, ಕಟ್ಟಿಸಿಕೊಂಡ ಫ್ರೈಡ್ ರೈಸನ್ನು ಮನೆ ಮುಟ್ಟಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು.